ಉತ್ತರ ಹೇಳಬಾರದವನನ್ನು ಹಳಿಯುವುದು

ಸೈನ್ಯಕ್ಕೆ ಆಯ್ಕೆಯಾದ ಹುಡುಗನೊಬ್ಬನು ತರಬೇತಿ ಕೇಂದ್ರಕ್ಕೆ ಹೊರಡುವ ದಿನ, ಕೊರಳಲ್ಲಿ ಹೂಮಾಲೆ, ಹಣೆಯಲ್ಲಿ ಕುಂಕುಮ, ಪಕ್ಕದಲ್ಲಿ ಕರಿಯ ಬಣ್ಣದ ತಗಡಿನ ಟ್ರಂಕು ಇವುಗಳೊಡನೆ ರೈಲು ನಿಲ್ದಾಣದಲ್ಲಿ ನಿಂತು ತೆಗೆಸಿಕೊಂಡ ಚಿತ್ರವನ್ನು ಅವನ ಅಣ್ಣನೋ ತಂಗಿಯೋ ಅಭಿಮಾನದಿಂದ ಊರವರೆಲ್ಲ ನೋಡಲೆಂದು ಫೇಸ್‌ಬುಕ್ಕಿಗೆ ಹಾಕುವುದು ಈಗ ವಾಡಿಕೆಯಾಗಿದೆ. ಅದರ ಕೆಳಗೆ ಹರಕೆ ಹಾರೈಕೆಗಳು ಸಾಲುಗಟ್ಟಿ ಬರುತ್ತಿರುವಾಗಲೇ, ಆ ಹುಡುಗನನ್ನು ಎಂದೂ ಕಂಡರಿಯದ, ಅನೇಕ ವೇಳೆ ತಮ್ಮ ಹೆಸರನ್ನೂ ಮುಖವನ್ನೂ ಮರೆಸಿಕೊಂಡಿರುವ ಯಾರೋ ಒಬ್ಬರು, ಓದು ತಲೆಗೆ ಹತ್ತದವನಿಗೆ ಬೇರೆ ದಾರಿ ಎಲ್ಲಿದೆ ಎಂದೋ, ಸಂಬಳಕ್ಕೂ ಕ್ಯಾಂಟೀನಿನ ರಮ್ಮಿಗೂ ಹೋದವನಿಗೆ ದೇಶಸೇವೆಯ ಹೆಸರೇಕೆ ಎಂದೋ, ನಾಲ್ಕು ವರ್ಷದ ಬಾಡಿಗೆ ಸಿಪಾಯಿ ಎಂದೋ ಒಂದು ಸಾಲನ್ನು ಗೀಚಿ ಹೊರಟುಹೋಗುತ್ತಾರೆ. ನೂರು ಹಾರೈಕೆಗಳ ನಡುವೆ ಆ ಒಂದು ಸಾಲೇ ಮನೆಯವರ ಮನಸ್ಸಿನಲ್ಲಿ ಉಳಿಯುವುದು ಮನುಷ್ಯಸ್ವಭಾವ.

ಇಂತಹ ಮಾತಿಗೆ ಏನು ಮಾಡತಕ್ಕದ್ದು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರಗಳು ಎರಡು. ಆಡಿದವನನ್ನು ಹುಡುಕಿ ತೆಗೆದು, ಅವನ ಉದ್ಯೋಗಕ್ಕೆ ಸಂಚಕಾರ ತಂದು, ಮನೆಯ ಮುಂದೆ ಧಿಕ್ಕಾರ ಕೂಗಿ, ಕೈಮುಗಿಸಿ ಕ್ಷಮಾಪಣೆಯ ವಿಡಿಯೋ ಮಾಡಿಸಿ ಬಿಡುವುದು ಒಂದು. ಆನೆ ನಡೆದ ದಾರಿಯಲ್ಲಿ ನಾಯಿ ಬೊಗಳುವುದು ಇದ್ದದ್ದೇ ಎಂದು ಹೇಳಿ ಕೈ ಕೊಡವಿಕೊಳ್ಳುವುದು ಇನ್ನೊಂದು. ಈ ಎರಡರಲ್ಲಿಯೂ ಒಂದು ಮುಖ್ಯ ಸಂಗತಿ ಮರೆತುಹೋಗುತ್ತದೆ. ಸೈನಿಕನನ್ನು ಹಳಿಯುವುದು ವಕೀಲನನ್ನೋ ವೈದ್ಯನನ್ನೋ ರಾಜಕಾರಣಿಯನ್ನೋ ಹಳಿದಂತಲ್ಲ. ಅವರು ಬೇಕೆನಿಸಿದರೆ ತಿರುಗಿ ನಾಲ್ಕು ಮಾತನ್ನಾಡಬಲ್ಲರು, ಇವನು ಆಡಬಾರದು.

ಇದು ಅಲಂಕಾರದ ಮಾತಲ್ಲ, ಶಾಸನದ ಮಾತು. ನಮ್ಮ ಸಂವಿಧಾನದ 33ನೆಯ ಅನುಚ್ಛೇದವು, ಸಶಸ್ತ್ರಪಡೆಗಳಲ್ಲಿರುವವರ ಮೂಲಭೂತ ಹಕ್ಕುಗಳನ್ನು ಕರ್ತವ್ಯಪಾಲನೆಗೂ ಶಿಸ್ತಿಗೂ ಅವಶ್ಯವಾದಷ್ಟರ ಮಟ್ಟಿಗೆ ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಆ ಅಧಿಕಾರದ ಬಲದಿಂದ 1950ರ ಸೇನಾ ಅಧಿನಿಯಮದ 21ನೆಯ ಪ್ರಕರಣವೂ, ಅದನ್ನು ಅನುಸರಿಸಿ 1954ರಲ್ಲಿ ರಚಿತವಾದ ಸೇನಾ ನಿಯಮಗಳೂ, ಸೈನಿಕನು ಕಾರ್ಮಿಕ ಸಂಘಗಳಿಗೆ ಸೇರುವುದನ್ನು, ರಾಜಕೀಯ ಸಭೆಗಳಲ್ಲಿ ಭಾಗವಹಿಸುವುದನ್ನು, ಅನುಮತಿಯಿಲ್ಲದೆ ಪತ್ರಿಕೆಗಳೊಡನೆ ವ್ಯವಹರಿಸುವುದನ್ನು ನಿರ್ಬಂಧಿಸಿವೆ. 2020ರ ಜುಲೈ ತಿಂಗಳಿನಲ್ಲಿ ಭೂಸೇನೆಯು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೊದಲಾದ 89 ಆ್ಯಪುಗಳನ್ನು ತಮ್ಮ ಫೋನುಗಳಿಂದ ತೆಗೆದುಹಾಕುವಂತೆ ತನ್ನವರೆಲ್ಲರಿಗೂ ಆಜ್ಞೆಮಾಡಿತು. ಇಂತಹ ಆಜ್ಞೆಗಳು ಕಾಲಕಾಲಕ್ಕೆ ಬಿಗಿಯಾಗುವುದೂ ಸಡಿಲವಾಗುವುದೂ ಉಂಟಾದರೂ ಅವುಗಳ ಹಿಂದಿರುವ ತತ್ತ್ವ ಒಂದೇ: ಆಯುಧವನ್ನು ಕೈಯಲ್ಲಿ ಹಿಡಿದವನು ಸಾರ್ವಜನಿಕ ವಾದದಲ್ಲಿ ಕಕ್ಷಿಯಾಗತಕ್ಕದ್ದಲ್ಲ. ಪ್ರಜಾಪ್ರಭುತ್ವದ ದೃಷ್ಟಿಯಿಂದ ಇದು ವಿವೇಕದ ವ್ಯವಸ್ಥೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ನೆರೆಹೊರೆಯ ರಾಷ್ಟ್ರಗಳಲ್ಲಿ ಸೈನ್ಯವು ಮಾತನಾಡಲು ತೊಡಗಿದಾಗ ಏನಾಯಿತೆಂಬುದನ್ನು ನಾವು ಕಂಡಿದ್ದೇವೆ. ಆದರೆ ಆ ವ್ಯವಸ್ಥೆಯ ಲಾಭವು ನಮಗೆಲ್ಲರಿಗೂ ಸಲ್ಲುವುದಾದರೆ, ಅದರ ಭಾರವನ್ನು ಮೌನವಾಗಿ ಹೊತ್ತವನ ಪರವಾಗಿ ಒಂದು ಮಾತನಾಡುವ ಹೊಣೆಯೂ ನಮ್ಮದೇ ಆಗುತ್ತದೆ.

ಸೈನ್ಯಕ್ಕೆ ಸೇರಿದವನನ್ನು ತಿರಸ್ಕಾರದಿಂದ ಕಾಣುವುದು ಈ ಫೋನುಗಳು ತಂದ ಹೊಸ ರೋಗವೇನೂ ಅಲ್ಲ. 1813ರ ಜೂನ್ ತಿಂಗಳಲ್ಲಿ ಸ್ಪೇನ್ ದೇಶದ ವಿಟೋರಿಯಾದಲ್ಲಿ ಅಪೂರ್ವವಾದ ಜಯವನ್ನು ಸಂಪಾದಿಸಿದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್, ತನ್ನ ಸೈನಿಕರು ಶತ್ರುವನ್ನು ಬೆನ್ನಟ್ಟುವುದನ್ನು ಬಿಟ್ಟು ಲೂಟಿಗೆ ನಿಂತರೆಂಬ ಕೋಪದಲ್ಲಿ, ಅವರೆಲ್ಲ ಲೋಕದ ಕಶ್ಮಲವೆಂಬ ಅರ್ಥ ಬರುವಂತೆ ಮಂತ್ರಿಗೆ ಪತ್ರ ಬರೆದನು. ಇವರಲ್ಲಿ ಬಹುಮಂದಿ ಕುಡಿತದ ಆಸೆಯಿಂದ ಸೇರಿದವರೆಂದು ಮುಂದೊಮ್ಮೆ ಹೇಳಿದನು. ವಿಟೋರಿಯಾದ ಯುದ್ಧ ಮುಗಿದ ಎರಡು ವರ್ಷಗಳ ತರುವಾಯ ವಾಟರ್ಲೂವಿನಲ್ಲಿ ಅವನಿಗೆ ಶಾಶ್ವತ ಕೀರ್ತಿಯನ್ನು ತಂದುಕೊಟ್ಟವರೂ ಇಂತಹ ಜನರೇ. 1890ರಲ್ಲಿ ಕಿಪ್ಲಿಂಗನು ಬರೆದ ‘ಟಾಮಿ’ ಎಂಬ ಕವನದ ವಸ್ತುವೇ ಇದು: ಶಾಂತಿಯ ದಿನಗಳಲ್ಲಿ ಸಿಪಾಯಿಯನ್ನು ಮದ್ಯದಂಗಡಿಯವನೂ ನಾಟಕಶಾಲೆಯವನೂ ಒಳಗೆ ಬಿಟ್ಟುಕೊಳ್ಳರು, ಯುದ್ಧದ ಸುದ್ದಿ ಬಂದೊಡನೆ ಅವನು ಎಲ್ಲರಿಗೂ ಬೇಕಾದವನಾಗುತ್ತಾನೆ. ಸಾಮ್ರಾಜ್ಯದ ಹೆಮ್ಮೆಯನ್ನು ಹಾಡಿದ ಕವಿಯೆಂದು ಅವನ ಮೇಲೆ ನಮಗಿರುವ ಮುನಿಸು ಹಾಗೆಯೇ ಇರಲಿ. ಈ ಒಂದು ವಿಷಯದಲ್ಲಿ ಅವನು ಕಂಡದ್ದು ದಿಟ.

ತಿರಸ್ಕಾರಕ್ಕೆ ವಿರುದ್ಧವಾದ ಇನ್ನೊಂದು ತಿರಸ್ಕಾರವೂ ಇಂಗ್ಲೆಂಡಿನಲ್ಲಿಯೇ ಹುಟ್ಟಿತು. 1914ರ ಆಗಸ್ಟ್ ತಿಂಗಳಲ್ಲಿ ಫೋಕ್‌ಸ್ಟನ್ ಪಟ್ಟಣದಲ್ಲಿ ನಿವೃತ್ತನಾದ ನೌಕಾಧಿಪತಿಯೊಬ್ಬನು, ಸಮವಸ್ತ್ರ ಧರಿಸದ ತರುಣರಿಗೆ ಹೇಡಿತನದ ಕುರುಹಾಗಿ ಬಿಳಿಯ ಗರಿಯನ್ನು ಕೊಡುವಂತೆ ಮೂವತ್ತು ಮಂದಿ ಹೆಂಗಸರನ್ನು ಏರ್ಪಡಿಸಿದನು. ಅದು ಹಬ್ಬಿ, ರಜೆಯಲ್ಲಿ ಮನೆಗೆ ಬಂದಿದ್ದ ಸೈನಿಕರಿಗೂ, ಗಾಯಗೊಂಡು ಬಿಡುಗಡೆ ಹೊಂದಿದವರಿಗೂ ಗರಿಗಳು ಸಂದವು. ಗಲಿಪೋಲಿಯ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದ ಜಾರ್ಜ್ ಸ್ಯಾಮ್ಸನ್ ಎಂಬ ನಾವಿಕನು ಸಾದಾ ಉಡುಪಿನಲ್ಲಿ ತನ್ನದೇ ಸನ್ಮಾನಕ್ಕೆ ಹೋಗುತ್ತಿದ್ದಾಗ ಅವನ ಕೈಗೂ ಒಂದು ಗರಿ ಬಂದಿತೆಂಬ ಕಥೆ ಪ್ರಸಿದ್ಧವಾಗಿದೆ. ಕಟ್ಟಕಡೆಗೆ 1916ರಲ್ಲಿ ಸರ್ಕಾರವೇ ಗಾಯಾಳುಗಳಿಗೂ ರೋಗಿಗಳಾಗಿ ಹಿಂದಿರುಗಿದವರಿಗೂ ಬೆಳ್ಳಿಯ ಬಿಲ್ಲೆಯೊಂದನ್ನು ಕೊಟ್ಟು, ಸೇವೆ ಮುಗಿಸಿ ಬಂದವನಿವನು ಎಂದು ಬೀದಿಯವರಿಗೆ ತಿಳಿಯಪಡಿಸಬೇಕಾಯಿತು. ಸೇರಿದವನನ್ನು ಹೀನಾಯ ಮಾಡುವವರೂ ಸೇರದವನನ್ನು ಹೇಡಿಯೆನ್ನುವವರೂ ಮೇಲುನೋಟಕ್ಕೆ ಎದುರಾಳಿಗಳಂತೆ ತೋರಿದರೂ, ಅಪರಿಚಿತನ ಅಂತರಂಗವನ್ನು ಅವನ ಅಂಗಿಯಿಂದ ಅಳೆಯುವ ಧೈರ್ಯ ಇಬ್ಬರಿಗೂ ಸಮಾನ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹೆಚ್ಚು ಜಟಿಲವಾಗಿದ್ದ ಕಾಲವೊಂದು ಇತ್ತು. ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಬ್ರಿಟಿಷರ ಸೈನ್ಯದಲ್ಲಿ ಅಧಿಕಾರಿಯಾಗಿರುವ ಭಾರತೀಯನನ್ನು ದೇಶಬಾಂಧವರು ಪರಕೀಯರ ಊಳಿಗದವನೆಂದು ಅನುಮಾನದಿಂದ ನೋಡುವುದು ಅಸಹಜವೇನೂ ಆಗಿರಲಿಲ್ಲ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿ, ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು, 1926ರಲ್ಲಿ ಅಧಿಕಾರಿಯಾದ ಕೊಡಂದೇರ ತಿಮ್ಮಯ್ಯನವರನ್ನು ಈ ಸಂಕಟವು ಅಲಹಾಬಾದಿನಲ್ಲಿ ಬಹುವಾಗಿ ಬಾಧಿಸಿತು. ಹೊರಗೆ ಚಳವಳಿ ನಡೆಯುತ್ತಿರುವಾಗ ತಾವು ಆಳುವವರ ಉಡುಪನ್ನು ತೊಟ್ಟು ಇರುವುದು ಸರಿಯೇ, ರಾಜೀನಾಮೆ ಕೊಟ್ಟು ಹೊರಬೀಳುವುದು ಸರಿಯೇ ಎಂದು ಅವರು ಮೋತಿಲಾಲ ನೆಹರೂ ಅವರನ್ನೇ ಕೇಳಿದರೆಂದೂ, ಸ್ವಾತಂತ್ರ್ಯ ಬಂದೇ ಬರುವುದು, ಬಂದ ದಿನ ನಮ್ಮನ್ನು ನಾವೇ ಕಾಪಾಡಿಕೊಳ್ಳಬೇಕಾಗುವುದು, ಆಗ ನಿಮ್ಮಂಥವರು ಬೇಕು, ಆದುದರಿಂದ ಬಿಡಬೇಡಿ ಎಂಬ ಭಾವದ ಉತ್ತರ ಆ ವೃದ್ಧ ನಾಯಕರಿಂದ ಬಂದಿತೆಂದೂ ತಿಮ್ಮಯ್ಯನವರ ಜೀವನಚರಿತ್ರೆ ಹೇಳುತ್ತದೆ. ಚಳವಳಿಯ ಅಗ್ರಪಂಕ್ತಿಯಲ್ಲಿದ್ದವರು ಎದುರುಪಕ್ಷದ ಸಮವಸ್ತ್ರದಲ್ಲಿದ್ದ ತರುಣನೊಡನೆ ಮಾತನಾಡಿದ ರೀತಿ ಇದು. 1957ರಿಂದ 1961ರವರೆಗೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾಗಿ, ಅನಂತರ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್ ದ್ವೀಪದಲ್ಲಿಯೇ 1965ರಲ್ಲಿ ತೀರಿಕೊಂಡ ಆ ಸೇನಾನಿಯ ಬದುಕು, ಅಂದು ಯಾರಾದರೂ ಆಡಿರಬಹುದಾದ ಕೊಂಕುಮಾತನ್ನು ಅವರು ಮನಸ್ಸಿಗೆ ಹಚ್ಚಿಕೊಂಡಿದ್ದರೆ ಬೇರೆ ದಿಕ್ಕಿಗೆ ತಿರುಗಿಬಿಡುತ್ತಿತ್ತು.

ಈಗ ಕೊಂಕುಮಾತಿನ ಒಳಗಿರುವ ವಾದವನ್ನು ಪರೀಕ್ಷಿಸೋಣ. ಬಗೆಬಗೆಯ ಬೈಗುಳಗಳನ್ನು ಸೋಸಿ ನೋಡಿದರೆ ತಳದಲ್ಲಿ ಉಳಿಯುವ ಆಕ್ಷೇಪ ಒಂದೇ: ಅವನು ಹೊಟ್ಟೆಪಾಡಿಗಾಗಿ ಹೋದನು, ಆದಕಾರಣ ಅವನಿಗೆ ಗೌರವ ಸಲ್ಲದು. ಹೊಟ್ಟೆಪಾಡು ಬೇರೆ, ಮರ್ಯಾದೆ ಬೇರೆ ಎಂಬ ಈ ವಿಭಾಗ ಎಲ್ಲಿಂದ ಬಂದಿತೋ ಕಾಣೆ. ಕನ್ನಡ ನಾಡಿನ ಹಳೆಯ ಬಾಳಿನಲ್ಲಂತೂ ಅದು ಇರಲಿಲ್ಲ. ಒಡೆಯನ ಅನ್ನವನ್ನು ಉಂಡವನು ಆ ಅನ್ನಕ್ಕೆ ತಕ್ಕಂತೆ ನಡೆಯಬೇಕೆಂಬ, ಪ್ರಾಣವನ್ನಾದರೂ ಕೊಟ್ಟು ತೀರಿಸಬೇಕೆಂಬ ನಿಷ್ಠೆಯನ್ನು ನಮ್ಮವರು ಜೋಳದ ಪಾಳಿಯೆಂದು ಕರೆದರು. ಪಂಪನು ಅದನ್ನು ತನ್ನ ಮಹಾಕಾವ್ಯದ ವೀರರ ಧರ್ಮವನ್ನಾಗಿ ಮಾಡಿದನು. ಜೋಳವನ್ನು ತಿಂದದ್ದು ನಾಚಿಕೆಯ ವಿಷಯವಾಗಿರಲಿಲ್ಲ. ತಿಂದು ಪಾಳಿ ತಪ್ಪಿದರೆ ನಾಚಿಕೆ.

ಇದು ಕವಿಗಳ ಆದರ್ಶವಷ್ಟೇ ಎನ್ನುವವರಿಗೆ ನಮ್ಮ ಊರುಗಳ ಹೊರವಲಯದಲ್ಲಿ, ಕೆರೆಯ ಏರಿಗಳ ಮೇಲೆ, ದೇವಸ್ಥಾನದ ಅಂಗಳಗಳಲ್ಲಿ ಬಿಸಿಲುಮಳೆಗೆ ನಿಂತಿರುವ ಸಹಸ್ರಾರು ವೀರಗಲ್ಲುಗಳನ್ನು ತೋರಿಸಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಣ ಪಟ್ಟಿಕೆಯಲ್ಲಿ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುವುದು, ಇದು ಅವುಗಳ ಸಾಮಾನ್ಯ ವಿನ್ಯಾಸ. ಕಲ್ಲನ್ನು ನಿಲ್ಲಿಸಿದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸತ್ತವನ ಮನೆಯವರ ಜೀವನಕ್ಕೆಂದು ನೆತ್ತರುಗೊಡಗೆಯಾಗಿ ಹೊಲವನ್ನೋ ಗದ್ದೆಯನ್ನೋ ಬಿಟ್ಟು ಅದನ್ನೂ ಅನೇಕ ಕಡೆ ಕಲ್ಲಿನಲ್ಲಿಯೇ ಬರೆಸಿದರು. ಎಂದರೆ ಶೌರ್ಯವನ್ನು ಹೊಗಳುವ ಶಾಸನದಲ್ಲಿಯೇ ಪಿಂಚಣಿಯ ಆದೇಶವೂ ಇರುತ್ತಿತ್ತು, ಅದರಿಂದ ಶೌರ್ಯಕ್ಕೆ ಕುಂದು ಬಂದಿತೆಂದು ಯಾರೂ ತಿಳಿಯಲಿಲ್ಲ. ಬೆಂಗಳೂರೆಂಬ ಹೆಸರು ಮೊತ್ತಮೊದಲು ಕಾಣಿಸಿಕೊಳ್ಳುವುದೂ ಬೇಗೂರಿನಲ್ಲಿರುವ ಸುಮಾರು 890ರ ಇಂತಹ ಒಂದು ಕಲ್ಲಿನ ಮೇಲೆ, ‘ಬೆಂಗಳೂರ ಕಾಳಗ’ದ ಪ್ರಸಂಗದಲ್ಲಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವಂತೂ ಇನ್ನೂ ಸ್ವಾರಸ್ಯವುಳ್ಳದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ಬೂತುಗನು ಏನು ಬೇಕೋ ಬೇಡೆಂದಾಗ, ಅವನು ಅರಸನ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಸುಮಾರು 950ರ ಆ ಕಲ್ಲಿನಲ್ಲಿ ಅದಕ್ಕೂ ಸ್ಮಾರಕ ಉಂಟು, ಭೂಮಿಯ ದತ್ತಿಯೂ ಉಂಟು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಅದನ್ನು ನೋಡದೆ ಬರಬಾರದು.

ಪುರಾತನರ ಮಾತು ಸಾಕು. ಇಂದಿನ ವಾಸ್ತವಕ್ಕೆ ಬರೋಣ. ಓದು ತಲೆಗೆ ಹತ್ತದವನು ಸೈನ್ಯ ಸೇರುತ್ತಾನೆನ್ನುವವರು ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆಯ ಯಾವುದಾದರೂ ಊರಿನ ರಸ್ತೆಯಲ್ಲಿ ಬೆಳಗಿನ ಜಾವ ನಡೆದು ನೋಡಬೇಕು. ಕೋಳಿ ಕೂಗುವುದಕ್ಕೆ ಮುಂಚೆ ಎದ್ದು, ಹಿಂದಿನ ರಾತ್ರಿಯ ರೊಟ್ಟಿಯನ್ನು ನಂಬಿಕೊಂಡು, ಡಾಂಬರಿನ ಮೇಲೆ ಓಡುವ ಹುಡುಗರ ಗುಂಪುಗಳು ಅಲ್ಲಿ ಕಾಣುತ್ತವೆ. 2023ರಿಂದೀಚೆಗೆ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಭರ್ತಿಯ ಮೈದಾನ. ಅಲ್ಲಿ 1.6 ಕಿಲೋಮೀಟರ್ ದೂರವನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ಣ ಅಂಕ, ಕಂಬಿಗೆ ಜೋತುಬಿದ್ದು ಹತ್ತು ಸಲ ಗದ್ದವನ್ನು ಮೇಲಕ್ಕೆ ತಂದರೆ ಪೂರ್ಣ ಅಂಕ, ಒಂಬತ್ತು ಅಡಿಯ ಹಳ್ಳವನ್ನು ಹಾರಬೇಕು, ಅನಂತರ ವೈದ್ಯರ ತಪಾಸಣೆಯಲ್ಲಿ ಹಲ್ಲು, ಕಿವಿ, ಮೊಣಕಾಲು, ಪಾದದ ಕಮಾನು ಎಲ್ಲವೂ ಒಪ್ಪಿಗೆಯಾಗಬೇಕು. ಅಧಿಕಾರಿಯಾಗುವವನ ದಾರಿ ಬೇರೆ ತೆರನಾದದ್ದು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯನ್ನು ದಾಟಿ, ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷಣವನ್ನು ಎದುರಿಸಿ ಉಳಿದುಕೊಳ್ಳುವವರು ಬಹು ಕೆಲವರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 17 ಮಂದಿ ಯುವತಿಯರ ಮೊದಲ ತಂಡ ತೇರ್ಗಡೆಯಾಗಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಹೆಣ್ಣಿಗೆ ಬಂದೂಕೇಕೆಂಬ ಹಳೆಯ ಹಾಸ್ಯವನ್ನು ಇನ್ನೂ ಬಿಡದವರಿಗೆ ಆ ಸಂಖ್ಯೆ ಗೊತ್ತಿದ್ದಂತಿಲ್ಲ.

ಬಾಡಿಗೆ ಸಿಪಾಯಿಯೆಂಬ ಮಾತಿನ ಹಿಂದೆ ಮಾತ್ರ ವಿಚಾರಕ್ಕೆ ಅರ್ಹವಾದ ಒಂದು ಅಂಶವುಂಟು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇಕಡಾ 30ನ್ನು ಹಿಡಿದಿಟ್ಟು, ಸರ್ಕಾರವು ಅಷ್ಟೇ ಮೊತ್ತವನ್ನು ಸೇರಿಸಿ, ಕಡೆಯಲ್ಲಿ ಬಡ್ಡಿಸಹಿತ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ, ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಮುಂದುವರಿಯುವ ಅವಕಾಶ, ಉಳಿದವರಿಗೆ ಪಿಂಚಣಿಯಿಲ್ಲ. ಈ ಏರ್ಪಾಡು ಸಾಧುವೇ, ನಾಲ್ಕು ವರ್ಷದಲ್ಲಿ ಸೈನಿಕನು ಪಕ್ವನಾಗುವನೇ, ಹೊರಬಂದ ಮೂವರ ಗತಿಯೇನು ಎಂದು ಕೇಳುವುದು ಪ್ರಜೆಯ ಹಕ್ಕು ಮಾತ್ರವಲ್ಲ, ಸೈನಿಕನಿಗೆ ಮಾಡುವ ಉಪಕಾರವೂ ಹೌದು. ಏಕೆಂದರೆ ಆ ಪ್ರಶ್ನೆಯನ್ನು ಕೇಳುವ ಸ್ವಾತಂತ್ರ್ಯ ಅವನಿಗಿಲ್ಲ. ಯುದ್ಧವೇ ತಪ್ಪೆಂದು ನಂಬಿದವರಿಗೂ, ಯಾವುದೋ ಪ್ರದೇಶದಲ್ಲಿ ಸೈನ್ಯದ ನಡವಳಿಕೆ ಅನ್ಯಾಯವಾಯಿತೆಂದು ಸಾಕ್ಷ್ಯದೊಡನೆ ಹೇಳುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರನ್ನು ಸೈನಿಕದ್ವೇಷಿಗಳ ಪಂಕ್ತಿಗೆ ತಳ್ಳುವುದು ಅನ್ಯಾಯ. ಯೋಜನೆಯನ್ನು ಟೀಕಿಸಿದಾಗ ಉತ್ತರ ಕೊಡಬೇಕಾದವನು ಮಂತ್ರಿ, ಅವನಿಗೆ ನಾಲಗೆಯೂ ಉಂಟು, ವೇದಿಕೆಯೂ ಉಂಟು. ಆ ಯೋಜನೆಯಲ್ಲಿ ಸೇರಿದ ಹತ್ತೊಂಬತ್ತರ ಹುಡುಗನನ್ನು ಬಾಡಿಗೆಯವನೆಂದಾಗ ಉತ್ತರ ಕೊಡುವವರಾರೂ ಇಲ್ಲ. ಎದುರಿಗೆ ಬಂದ ಮಾತು ಇವೆರಡರಲ್ಲಿ ಯಾವ ಜಾತಿಯದೆಂದು ಮೊದಲು ನಿರ್ಣಯಿಸಿಕೊಳ್ಳದೆ ಕಟುವಾಗಿ ಉತ್ತರಿಸಲು ಹೊರಟವರು, ಬಹು ಸಲ ಸೈನಿಕನ ಹಿತವನ್ನೇ ಹೇಳುತ್ತಿದ್ದವನ ಬಾಯಿ ಮುಚ್ಚಿಸಿ ಬರುತ್ತಾರೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೊಂಕಿಗೆ ಉತ್ತರವಾಗಿ ಹುತಾತ್ಮರ ಹೆಸರುಗಳನ್ನು ಎತ್ತಿ ಎಸೆಯುವುದು ನನ್ನ ಮನಸ್ಸಿಗೆ ಒಗ್ಗದು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್ನಿನ ಹಿಮಪಾತದಲ್ಲಿ ಹೂತುಹೋಗಿ, ಆರು ದಿನಗಳ ಬಳಿಕ ಉಸಿರಾಡುತ್ತಿರುವಂತೆಯೇ ದೊರೆತು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದಾಗ ನಾಡಿಗೆ ನಾಡೇ ಮರುಗಿತು; ಆ ಮರುಕ ಸಹಜವಾದದ್ದು, ಶುದ್ಧವಾದದ್ದು. ಆದರೆ ಯಾವುದೋ ಕ್ಷುದ್ರ ವಾಗ್ವಾದದಲ್ಲಿ ಅಂತಹವರ ಹೆಸರನ್ನು ಸಾಕ್ಷಿಗೆ ಕರೆದಾಗ ಎರಡು ಕೆಡುಕುಗಳಾಗುತ್ತವೆ: ಸತ್ತವರು ಜಗಳದ ಆಯುಧವಾಗುತ್ತಾರೆ; ಮತ್ತು ಸತ್ತರೆ ಮಾತ್ರ ಸೈನಿಕನು ಗೌರವಾರ್ಹನೆಂಬ ಭಾವನೆ ನೆಲೆಗೊಳ್ಳುತ್ತದೆ. ಸೈನ್ಯಕ್ಕೆ ಸೇರಿದವರಲ್ಲಿ ಬಹುಸಂಖ್ಯಾತರು ಲಾರಿ ನಡೆಸಿ, ಅಡಿಗೆ ಮಾಡಿ, ಸೇತುವೆ ಕಟ್ಟಿ, ನಿಸ್ತಂತುವಿನ ಮುಂದೆ ಕುಳಿತು, ಹದಿನೈದು ಇಪ್ಪತ್ತು ವರ್ಷ ಹಬ್ಬಹರಿದಿನಗಳಿಗೆ ಮನೆಯಲ್ಲಿಲ್ಲದೆ ಕಳೆದು, ಕಡೆಗೆ ಊರಿಗೆ ಬಂದು ಯಾವುದಾದರೂ ಬ್ಯಾಂಕಿನ ಬಾಗಿಲಿನಲ್ಲಿ ಕಾವಲು ನಿಲ್ಲುವವರು. ನಮ್ಮ ಗೌರವಕ್ಕೆ ಅಷ್ಟು ಸಾಲದೆ?

ಸೈನಿಕನನ್ನೂ ಅವನ ಮನೆಯವರನ್ನೂ ನೋಯಿಸುವ ಮಾತು ಸೈನ್ಯವನ್ನು ದ್ವೇಷಿಸುವವರಿಂದಲೇ ಬರುವುದೆಂಬುದು ಭ್ರಮೆ. 2024ರ ಜುಲೈ ತಿಂಗಳಲ್ಲಿ, ಸಿಯಾಚಿನ್ನಿನ ಬೆಂಕಿ ಅನಾಹುತದಲ್ಲಿ ಪರರನ್ನು ಉಳಿಸಹೋಗಿ ಮಡಿದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರ ಕೀರ್ತಿಚಕ್ರವನ್ನು ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಬಂದ ಅವರ ಪತ್ನಿಯ ಚಿತ್ರದ ಕೆಳಗೆ ಅಸಭ್ಯವಾದ ಮಾತುಗಳು ಬಂದು, ರಾಷ್ಟ್ರೀಯ ಮಹಿಳಾ ಆಯೋಗವು ಪೊಲೀಸರಿಗೆ ಬರೆಯಬೇಕಾಯಿತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ, ಮದುವೆಯಾಗಿ ವಾರ ತುಂಬುವುದರೊಳಗೆ ಹತನಾದ ನೌಕಾದಳದ ತರುಣ ಅಧಿಕಾರಿಯ ಪತ್ನಿಯು, ಈ ನೆಪದಲ್ಲಿ ಯಾವ ಸಮುದಾಯದವರನ್ನೂ ದ್ವೇಷಿಸಬೇಡಿರೆಂದು ಬೇಡಿಕೊಂಡದ್ದಕ್ಕಾಗಿ ಆಕೆಯ ಮೇಲೆ ಹರಿಹಾಯ್ದವರು ತಮ್ಮನ್ನು ದೇಶಭಕ್ತರೆಂದೇ ಕರೆದುಕೊಳ್ಳುತ್ತಿದ್ದರು. ಮರುತಿಂಗಳು ಭೂಸೇನೆಯ ಕರ್ನಲ್ ಸೋಫಿಯಾ ಖುರೇಶಿಯವರನ್ನು ಕುರಿತು ಮಧ್ಯಪ್ರದೇಶದ ಸಚಿವರೊಬ್ಬರು ಆಡಿದ ಅವಹೇಳನದ ಮಾತಿನ ಮೇಲೆ ಅಲ್ಲಿನ ಉಚ್ಚ ನ್ಯಾಯಾಲಯವು ತಾನಾಗಿಯೇ ಮೊಕದ್ದಮೆ ದಾಖಲಿಸಲು ಆಜ್ಞಾಪಿಸಿತು. ಸರ್ವೋಚ್ಚ ನ್ಯಾಯಾಲಯವು ಅವರ ಕ್ಷಮಾಪಣೆಯನ್ನು ಒಪ್ಪದೆ ವಿಶೇಷ ತನಿಖಾ ದಳವನ್ನು ನೇಮಿಸಿತು. ಕರ್ನಲ್ ಸೋಫಿಯಾ ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಅದೇ ದಿನಗಳಲ್ಲಿ ಆ ಮನೆಯ ಮೇಲೆ ದಾಳಿಯಾಯಿತೆಂಬ ಸುಳ್ಳುಸುದ್ದಿಯೊಂದು ದೂರದೇಶದಿಂದ ಹರಡಿ, ಬೆಳಗಾವಿಯ ಪೊಲೀಸರು ಅದು ಸುಳ್ಳೆಂದು ಸಾರಬೇಕಾಯಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಹುಡುಗನ ಮನೆಯವರು ತಾವೇ ಉತ್ತರಿಸಲು ಹೋಗದಿರುವುದು ಲೇಸು. ಅವರ ಉತ್ತರದಲ್ಲಿ ನೋವು ಇಣುಕುತ್ತದೆ. ಕೊಂಕು ನುಡಿದವನಿಗೆ ಬೇಕಾದದ್ದೂ ಅದೇ. ಸಿಟ್ಟಿನ ಭರದಲ್ಲಿ ಹುಡುಗನ ಪಡೆ ಯಾವುದು, ಈಗೆಲ್ಲಿದ್ದಾನೆ, ಯಾವಾಗ ರಜೆ ಎಂಬ ವಿವರಗಳು ಹೊರಬೀಳುವ ಅಪಾಯವೂ ಉಂಟು; ಸೈನ್ಯವು ಅಂತಹ ವಿವರಗಳಿಗಾಗಿ ಬಲೆ ಬೀಸುವವರ ವಿಷಯದಲ್ಲಿ ಪದೇ ಪದೇ ಎಚ್ಚರಿಸುತ್ತಿರುವುದು ಸುಮ್ಮನೆ ಅಲ್ಲ. ಉತ್ತರಿಸಬೇಕಾದವರು ಊರಿನವರು, ಶಾಲೆಯ ಮೇಷ್ಟ್ರು, ನಿವೃತ್ತ ಸೈನಿಕರು, ಒಟ್ಟಿನಲ್ಲಿ ನೋವಿನಿಂದ ಒಂದು ಹೆಜ್ಜೆ ದೂರವಿರುವವರು. ಉತ್ತರವೂ ಒಂದೇ ಸಾರಿ, ಮಿತವಾಗಿ, ಬೈಗುಳವಿಲ್ಲದೆ, ಸಾಧ್ಯವಾದರೆ ಒಂದು ಸಂಗತಿಯೊಡನೆ ಇರಬೇಕು; ಅದನ್ನು ಬರೆಯುವುದು ಕೊಂಕಿನವನ ಮನಃಪರಿವರ್ತನೆಗಾಗಿ ಅಲ್ಲ, ಮೌನವಾಗಿ ಓದುತ್ತಿರುವ ಉಳಿದ ನೂರು ಜನರಿಗಾಗಿ. ಬರೆದವನು ಪರಿಚಿತ ಮನೆಯ ಎಳೆಯನಾಗಿದ್ದರೆ, ಎಲ್ಲರೆದುರಿಗೆ ಹಳಿಯದೆ ಅವನ ಮನೆಯ ಹಿರಿಯರಿಗೆ ಹೇಳಿ ಕರೆಸಿ, ಏನಪ್ಪಾ, ಹೀಗೇಕೆ ಬರೆದೆ ಎಂದು ಕೇಳುವುದರಿಂದ ಎಷ್ಟೋ ಸಲ ಕೆಲಸವಾಗುತ್ತದೆ. ಆಕ್ರೋಶ ತೋರಿಸುವ ನೆಪದಲ್ಲಿ ಆ ಹೊಲಸು ಸಾಲಿನ ಚಿತ್ರ ತೆಗೆದು ಇಪ್ಪತ್ತು ವಾಟ್ಸ್ಆ್ಯಪ್ ಗುಂಪುಗಳಿಗೆ ಹಂಚುವವರು, ಐವರು ಓದಿದ್ದ ಮಾತನ್ನು ಐದು ಸಾವಿರ ಮಂದಿಗೆ ಮುಟ್ಟಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಾರೆ.

ಮಾತು ಬೆದರಿಕೆಯ, ಅಶ್ಲೀಲದ, ಸುಳ್ಳು ಆರೋಪದ ಮಟ್ಟಕ್ಕೆ ಇಳಿದಾಗ ಕಾನೂನಿನ ಬಾಗಿಲು ತೆರೆದಿದೆ. ಅಳಿಸಿಹೋಗುವ ಮುನ್ನ ದಿನಾಂಕ, ಖಾತೆಯ ಹೆಸರು, ಕೊಂಡಿ ಸಹಿತವಾಗಿ ಸಾಕ್ಷ್ಯವನ್ನು ತೆಗೆದಿಟ್ಟುಕೊಳ್ಳಬೇಕು; 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಪ್ರತಿಯೊಂದು ಜಾಲತಾಣ ಸಂಸ್ಥೆಯೂ ದೂರು ಅಧಿಕಾರಿಯನ್ನು ನೇಮಿಸಿರತಕ್ಕದ್ದೆಂದು ವಿಧಿಸಿವೆ; ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲೂ ಜಿಲ್ಲೆಯ ಸೈಬರ್ ಠಾಣೆಯೂ ಇವೆ. ಹೆಣ್ಣಿನ ಮರ್ಯಾದೆಗೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೆಯ ಪ್ರಕರಣವೂ, ಅಶ್ಲೀಲಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ 67ನೆಯ ಪ್ರಕರಣವೂ ಅನ್ವಯಿಸುತ್ತವೆ. ಇಷ್ಟು ಸಾಕು. ಬರಿಯ ಒರಟುತನಕ್ಕೂ ಅಗೌರವಕ್ಕೂ ಸೆರೆಮನೆಯೆಂಬ ವ್ಯವಸ್ಥೆ ಒಂದು ಕಾಲಕ್ಕೆ ಇತ್ತು. ಆ ಅಧಿನಿಯಮದ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಗೊಳಿಸಿದ್ದು ಒಳ್ಳೆಯದೇ ಆಯಿತು. ದೂರಿನಷ್ಟಕ್ಕೇ ನಿಲ್ಲದೆ ಬೀದಿಗಿಳಿದ ಪ್ರಸಂಗವೂ ಉಂಟು. 2024ರ ನವೆಂಬರಿನಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯನವರನ್ನು ಅವಹೇಳನ ಮಾಡಿದ ಬರಹವೊಂದು ಹರಿದಾಡಿ, ಕೊಡಗಿನಲ್ಲಿ ಪ್ರತಿಭಟನೆಗಳು ನಡೆದು, ಡಿಸೆಂಬರ್ 12ರಂದು ಜಿಲ್ಲಾ ಬಂದ್‌ಗೆ ಕರೆಯಾಯಿತು. ಮನೆಗೊಬ್ಬರಂತೆ ಸೈನ್ಯಕ್ಕೆ ಕೊಟ್ಟ ನಾಡಿನವರ ನೋವು ನನಗೆ ಅರ್ಥವಾಗುತ್ತದೆ, ದೂರು ಕೊಟ್ಟವರಲ್ಲಿ ತಪ್ಪನ್ನೂ ಕಾಣೆ. ಅಂಗಡಿ ಮುಚ್ಚಿಸಿದ್ದರಿಂದ ಆ ಇಬ್ಬರು ಸೇನಾನಿಗಳ ಕೀರ್ತಿಗೆ ಸೇರಿದ್ದೇನು ಎಂಬುದು ಮಾತ್ರ ತಿಳಿಯದು. ಅವಮಾನದ ಕಥೆಯೇ ಬೆಳೆದು ರಾಜಕೀಯದ ಬಂಡವಾಳವಾಗುವುದೂ ಉಂಟು. ವಿಯೆಟ್ನಾಮಿನಿಂದ ಹಿಂದಿರುಗಿದ ಅಮೆರಿಕದ ಸೈನಿಕರ ಮೇಲೆ ಯುದ್ಧವಿರೋಧಿಗಳು ಉಗುಳಿದರೆಂಬ ಕಥೆಯನ್ನು, ಸ್ವತಃ ಆ ಯುದ್ಧಕ್ಕೆ ಹೋಗಿಬಂದ ಜೆರ್ರಿ ಲೆಂಬ್ಕೆ ಎಂಬ ಸಮಾಜಶಾಸ್ತ್ರಜ್ಞನು ಶೋಧಿಸಿ, ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರ ಕಾಣದೆ, 1998ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಅವನ ನಿರ್ಣಯವನ್ನು ಒಪ್ಪದವರೂ ಇದ್ದಾರೆ.

ಸೈನ್ಯಕ್ಕೆ ಸೇರುವುದು ಸರಿಯೇ ಎಂಬ ಪ್ರಶ್ನೆಯನ್ನು ತಿರಸ್ಕಾರವಿಲ್ಲದೆ ಕೇಳಬಹುದೆಂಬುದಕ್ಕೆ ನಮ್ಮ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಬೋಯರ್ ಯುದ್ಧದಲ್ಲಿ ಭಾರತೀಯರ ಶುಶ್ರೂಷಾ ದಳವನ್ನು ಕಟ್ಟಿದ್ದ ಗಾಂಧೀಜಿಯವರು 1918ರ ಬೇಸಗೆಯಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ವಲ್ಲಭಭಾಯಿ ಪಟೇಲರೊಡನೆ, ಮಹಾಯುದ್ಧಕ್ಕೆ ಸೈನಿಕರನ್ನು ಸೇರಿಸಲು ಹೊರಟರು. ಕೆಲವೇ ತಿಂಗಳ ಹಿಂದೆ ಕಂದಾಯದ ಸತ್ಯಾಗ್ರಹದಲ್ಲಿ ಪುಕ್ಕಟೆಯಾಗಿ ಗಾಡಿ ಕೊಟ್ಟಿದ್ದ ಅದೇ ರೈತರು ಈಗ ಬಾಡಿಗೆಗೂ ಕೊಡಲಿಲ್ಲ. ಗಾಂಧೀಜಿ ಬುತ್ತಿಯನ್ನು ಚೀಲದಲ್ಲಿ ಕಟ್ಟಿಕೊಂಡು ದಿನಕ್ಕೆ ಇಪ್ಪತ್ತು ಮೈಲಿಯಷ್ಟು ನಡೆದರು. ಸಭೆಗಳಿಗೆ ಜನ ಬಂದರು, ಕುಳಿತು ಕೇಳಿದರು. ಅಹಿಂಸೆಯನ್ನು ಬೋಧಿಸುವ ನೀವು ನಮ್ಮ ಕೈಗೆ ಆಯುಧವನ್ನು ಹಿಡಿಯೆಂದು ಹೇಳುವುದು ಹೇಗೆ, ನಮ್ಮ ಸಹಕಾರಕ್ಕೆ ಅರ್ಹವಾಗುವಂತಹ ಯಾವ ಉಪಕಾರವನ್ನು ಈ ಸರ್ಕಾರ ನಮಗೆ ಮಾಡಿದೆ ಎಂದು ನೇರವಾಗಿ ಕೇಳಿದರು. ಒಂದು ಸಭೆಗೆ ಒಬ್ಬಿಬ್ಬರು ಹೆಸರು ಕೊಟ್ಟರೆ ಅದೇ ಹೆಚ್ಚು. ಖೇಡಾದ ರೈತರು ಆ ಪ್ರಶ್ನೆಗಳನ್ನು ಹಾಕಿದ್ದು ಹೆಸರು ಕೊಟ್ಟ ಆ ಒಬ್ಬಿಬ್ಬರಿಗಲ್ಲ, ಕರೆಯಲು ಬಂದಿದ್ದ ಗಾಂಧೀಜಿಯವರಿಗೆ.